ಗ್ರೇಸಿ ಆಂಟಿಯ ಕೈಗೆ ಬಂದ ಹಬ್ಬ

ಜುಲೈ ತಿಂಗಳಲ್ಲಿ ನೈರೋಬಿಯ ಸೂರ್ಯ ರಜೆ ಹಾಕಿರುತ್ತಾನೆ. ಆಫ್ರಿಕವೆಂದರೆ ಹಗಲೆಲ್ಲ ಬೆಂಕಿ ಬಿಸಿಲು ಎಂದೇ ನಂಬಿರುವ ಮೈಸೂರಿನ ನನ್ನ ಅಕ್ಕ ವಿಡಿಯೊ ಕರೆಯಲ್ಲಿ ನನ್ನ ಸ್ವೆಟರ್ ನೋಡಿ, "ಯಾಕೇ, ಜ್ವರಾನಾ?" ಎಂದು ಕೇಳುತ್ತಾಳೆ. ಕಳೆದ ವಾರ ಅಂಥದೇ ಒಂದು ಮೋಡದ ಬೆಳಿಗ್ಗೆ ಚಹಾಕ್ಕೆ ಏಲಕ್ಕಿ ಹುಡುಕುತ್ತ ಮೇಲಿನ ಕಪಾಟಿಗೆ ಕೈ ಹಾಕಿದಾಗ ಹಳೆಯ ಕಾಫಿಪುಡಿ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದೆ. ಒಳಗೆ ಕಡ್ಡಿಯ ಸಮೇತ ಒಣಗಿಸಿಟ್ಟ ಓರೆಗಾನೊ ಸೊಪ್ಪು. ಪಿಜ್ಜಾ ಜೊತೆ ಪೊಟ್ಟಣದಲ್ಲಿ ಬರುವ ಜೀವವಿಲ್ಲದ ಪುಡಿಯಲ್ಲ. ಗುಡ್ಡದಲ್ಲಿ ಬೆಳೆದದ್ದು, ನಮ್ಮ ದೊಡ್ಡಪತ್ರೆಯ ದೂರದ ನೆಂಟನಂತೆ ಮೂಗಿಗೆ ನೇರವಾಗಿ ಬರುವಂಥದ್ದು. ಏಲಕ್ಕಿ ಮರೆತೇ ಹೋಯಿತು. ಸ್ಟೂಲಿನ ಮೇಲೆ ನಿಂತಲ್ಲೇ ನಿಂತು, ಇದೇ ನೈರೋಬಿಯ ಲೊರೆಶೋ ಬಡಾವಣೆಯಲ್ಲಿ ನಾವು ಕಳೆದ ಆ ಒಂದು ವರ್ಷವನ್ನು ನೆನೆದು ಒಬ್ಬಳೇ ನಗತೊಡಗಿದೆ. ಚಹಾಕ್ಕೆ ಕಾದು ಸಾಕಾಗಿ ಬಂದ ನನ್ನ ಗಂಡ ಬಾಗಿಲಲ್ಲಿ ನಿಂತು ನೋಡಿ ವಾಪಸು ಹೋದರು.

ಈಗ ನಾವಿರುವುದು ರಿವರ್‌ಸೈಡಿನ ಫ್ಲ್ಯಾಟಿನಲ್ಲಿ, ನನ್ನ ಆಫೀಸಿಗೆ ಹತ್ತಿರ. ಆಗ ಇದ್ದದ್ದು ಲೊರೆಶೋದಲ್ಲಿ, ಗ್ರೇಸಿ ಆಂಟಿಯ ಮನೆಯ ಹಿಂಭಾಗದ ಪುಟ್ಟ ಮನೆಯಲ್ಲಿ ಬಾಡಿಗೆಗೆ. ಗ್ರೇಸಿ ಆಂಟಿ ಬಂಟ್ವಾಳ ಕಡೆಯ ಕ್ಯಾಥೊಲಿಕ್ ಮನೆತನದವರು. ಮದುವೆಯಾಗಿ ಇಲ್ಲಿಗೆ ಬಂದು, ಆಸ್ಪತ್ರೆಯಲ್ಲಿ ನರ್ಸಾಗಿ, ಮೇಟ್ರನ್ ಆಗಿ, ಈಗ ನಿವೃತ್ತಿಯಾಗಿ ತೋಟದ ಗುಲಾಬಿಗಳನ್ನು ವಾರ್ಡಿನ ರೋಗಿಗಳಂತೆ ಗದರಿಸಿಕೊಂಡು ಇದ್ದರು. ಪ್ರಾರ್ಥನೆಗೆ ಕೊಂಕಣಿ, ಬೈಯಲು ತುಳು, ವ್ಯವಹಾರಕ್ಕೆ ಸ್ವಾಹಿಲಿ, ನನ್ನ ಜೊತೆ ಮಂಗಳೂರು ಕನ್ನಡ. ಬೇಲಿಯ ಆಚೆ ಕತೆರೀನಾ. ಅವಳ ತಂದೆ ತಾಯಿ ಗ್ರೀಸಿನಿಂದ ಬಂದು ಕತ್ತಾಳೆ ತೋಟ ಮಾಡಿದವರು. ಅವಳು ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲೇ. ಮಕ್ಕಳಿಗೆ ಪಿಯಾನೊ ಕಲಿಸುತ್ತಿದ್ದಳು. ಅರವತ್ತು ದಾಟಿದವಳು, ಆದರೂ ಮೊದಲ ದಿನವೇ "ಬರೀ ಕತೆರೀನಾ ಅನ್ನು" ಎಂದದ್ದರಿಂದ ನನ್ನ ಬರಹದಲ್ಲೂ ಏಕವಚನವೇ ಇರಲಿ. ಅವಳೂ ಆಂಟಿಯೂ ಬೇಲಿಯ ಎರಡು ಕಡೆ ನಿಂತು ಗಂಟೆಗಟ್ಟಲೆ ಮಾತಾಡುತ್ತಿದ್ದದ್ದು ಸ್ವಾಹಿಲಿಯಲ್ಲಿ. ಒಬ್ಬರ ಹಲ್ಲುನೋವಿನಿಂದ ಹಿಡಿದು ದೇಶದ ರಾಜಕಾರಣದವರೆಗೆ ಅಲ್ಲಿ ತೀರ್ಮಾನವಾಗದ ವಿಷಯವಿರಲಿಲ್ಲ.

ಒಂದು ಸಂಜೆ ಆ ಬೇಲಿಯಿಂದಲೇ ಶುರುವಾಯಿತು. ಕತೆರೀನಾಳ ತಾಯಿಯ ಊರು ಒಂದು ಸಣ್ಣ ದ್ವೀಪ. ಅಲ್ಲಿನ ಗುಡ್ಡದ ಮೇಲಿನ ಪುಟ್ಟ ಚರ್ಚಿನಲ್ಲಿ ಸೆಪ್ಟೆಂಬರ್ ಎಂಟಕ್ಕೆ ಮರಿಯಮ್ಮನ ಹುಟ್ಟುಹಬ್ಬ. ಊಟ, ಪಿಟೀಲು, ಕುಣಿತ ಎಲ್ಲ ಸೇರಿದ ಇಂಥ ಹಬ್ಬಕ್ಕೆ ಅವರು ಪನಿಯೀರಿ ಎನ್ನುತ್ತಾರೆ. ಈ ಸಲ ಹೋಗಿ ಬರುತ್ತೇನೆ, ಒಬ್ಬಳೇ ಹೋಗಲು ಮನಸ್ಸಿಲ್ಲ, ನೀವೂ ಬನ್ನಿ ಎಂದಳು. ಆಂಟಿ ಅಂದೇ ನನ್ನ ಬಾಗಿಲಿಗೆ ಬಂದರು.

"ಶೈಲಾ, ಸೆಪ್ಟೆಂಬರ್ ಎಂಟು ಅಂದ್ರೆ ನಮಗೆ ತೆನೆ ಹಬ್ಬ. ಅಲ್ಲಿ ಸಹ ಅದೇ ದಿನ ಮಾತೆಯ ಹಬ್ಬ ಉಂಟಂತೆ. ಊರಿನ ತೆನೆ ಹಬ್ಬ ನೋಡದೆ ಎಷ್ಟು ಕಾಲ ಆಯ್ತು. ಇದಕ್ಕಾದ್ರೂ ಹೋಗುವ ಮಾರಾಯ್ತಿ."

"ಆಂಟಿ, ನಾನು ಬರ್ತೀನಿ. ಆದ್ರೆ ಅಥೆನ್ಸ್‌ನಲ್ಲಿ ಎರಡು ದಿನ ಇರ್ಬೇಕು, ಮ್ಯೂಸಿಯಂ, ನಾಟಕ ಎಲ್ಲಾ ನೋಡ್ಬೇಕು," ಎಂದೆ. ಊರು ಸುತ್ತುವುದೆಂದರೆ ನನಗೆ ಮೊದಲಿನಿಂದಲೂ ಹುಚ್ಚು. ಸಂತೆಗೆ ಮೂರು ಮೊಳ ನೇಯುವ ಜಾತಿ ನನ್ನದಲ್ಲ. ಹೊರಡುವ ಎರಡು ತಿಂಗಳ ಮುಂಚೆಯೇ ಯಾವ ಬೀದಿಯಲ್ಲಿ ಯಾವ ತಿಂಡಿ ಎಂದು ಓದಿ ಮುಗಿಸಿರುತ್ತೇನೆ. ಗಂಡ, ಮಗಳು ಮೇಘನಾ ಇಬ್ಬರೂ ನನ್ನನ್ನು ಸಂತೋಷವಾಗಿಯೇ ಕಳಿಸಿಕೊಟ್ಟರು. ಆ ಸಂತೋಷ ಸ್ವಲ್ಪ ಹೆಚ್ಚೇ ಆಯಿತು ಎಂದು ನನಗನ್ನಿಸಿತು.

ಅಥೆನ್ಸಿನಲ್ಲಿ ಗುಡ್ಡದ ಬುಡಕ್ಕೆ ಅಂಟಿಕೊಂಡ ಕಲ್ಲಿನ ಬಯಲು ರಂಗಮಂದಿರದಲ್ಲಿ ಒಂದು ಹಳೆಯ ದುಃಖದ ನಾಟಕ ನೋಡಿದೆವು. ಭಾಷೆ ಒಂದಕ್ಷರ ತಿಳಿಯದು. ಆದರೂ ಕಪ್ಪು ಬಟ್ಟೆಯ ಹಿಮ್ಮೇಳದವರೆಲ್ಲ ಒಂದೇ ಕೊರಳಿನಿಂದ ಗೋಳಿಟ್ಟಾಗ ನನ್ನ ಮೈ ಜುಮ್ಮೆಂದಿತು. ಆಂಟಿ ಕಲ್ಲಿನ ಮೇಲೆ ಕುಶನ್ ಹಾಕಿಕೊಂಡು, ಶಾಲು ಹೊದ್ದು, ಕಣ್ಣು ಮಿಟುಕಿಸದೆ ನೋಡಿದರು. ಎಲ್ಲರೂ ಎದ್ದು ಚಪ್ಪಾಳೆ ತಟ್ಟುವಾಗ ಮಾತ್ರ ಅವರು ಏಳಲಿಲ್ಲ.

"ಮುಗಿಯಿತಾ?" ಎಂದು ಕೇಳಿದರು. "ಒಳ್ಳೇದಿತ್ತು, ನಮ್ಮ ಆಟದ ಹಾಗೆಯೇ ಉಂಟು. ಆದ್ರೆ ಇಷ್ಟು ಬೇಗ ಮುಗಿಸಿದ್ರೆ ಹೇಗೆ? ಯಕ್ಷಗಾನ ಆದ್ರೆ ಈಗ ರಾಜನ ಪ್ರವೇಶ ಆಗುವ ಹೊತ್ತು."

ಅಲ್ಲಿಂದ ಹಡಗಿನಲ್ಲಿ ದ್ವೀಪಕ್ಕೆ. ದ್ವೀಪದ ಹೆಸರು ಹೇಳುವುದಿಲ್ಲ. ನಮ್ಮ ಕಥೆ ಕೇಳಿ ನಗಲು ಜನ ಬರತೊಡಗಿದ್ದಾರೆ ಎಂದು ಊರಿನವರಿಗೆ ಆಗಲೇ ಮುನಿಸಿದೆ. ಬಿಳಿ ಸುಣ್ಣದ ಮನೆಗಳು, ಗಾಳಿ, ಮೇಕೆಗಳ ಗಂಟೆ, ಗುಡ್ಡದ ತುಂಬ ಓರೆಗಾನೊ ವಾಸನೆ. ಕತೆರೀನಾಳ ಸೋದರಮಾವನ ಮಗ ಸ್ತಮಾತಿಸ್ ನಮ್ಮನ್ನು ಕರೆದುಕೊಂಡು ಹೋಗಲು ಬಂದಿದ್ದ. ಹಡಗಿನಲ್ಲಿ ದುಡಿದು ನಿವೃತ್ತನಾದವನು, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಹಬ್ಬದ ದಿನ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದ ಉದ್ದನೆಯ ಮೇಜುಗಳಲ್ಲಿ ಊಟ. ಮಣ್ಣಿನ ಮಡಕೆಯಲ್ಲಿ ಬೇಯಿಸಿದ ಕಡಲೆಕಾಳು, ಮೇಕೆ ಮಾಂಸ, ರೊಟ್ಟಿ. ಪಿಟೀಲಿನವನೂ ಅವನ ಜೊತೆಗಾರನೂ ಶುರುಮಾಡಿದರೆಂದರೆ ಕುಳಿತ ಕಾಲು ಕುಳಿತಲ್ಲಿ ಇರದು. ಕೈಕೈ ಹಿಡಿದ ಸಾಲಿನ ತಲೆಯಲ್ಲಿ ಒಬ್ಬ ಕರವಸ್ತ್ರ ಬೀಸುತ್ತ ಕುಣಿಯುತ್ತಾನೆ. ಹೊಸಬರು ಬಾಲಕ್ಕೆ ಸೇರಬೇಕೇ ಹೊರತು ನಡುವೆ ನುಗ್ಗಬಾರದು. ನಾನು ಬಾಲಕ್ಕೆ ಸೇರಿ, ಊರಿನ ಶಾಲಾ ಮೇಷ್ಟರ ಕಾಲನ್ನು ಚೆನ್ನಾಗಿ ತುಳಿದೆ. ಇನ್ನೊಂದು ಆಟವೂ ಇತ್ತು. ಯಾರೋ ಎದ್ದು ನಿಂತು, ನಿಂತಲ್ಲೇ ಕಟ್ಟಿದ ಎರಡು ಸಾಲಿನ ಪದ ಹಾಡಿ ಎದುರು ಮೇಜಿನವರನ್ನು ಕೆಣಕುವುದು. ಅವರು ಅದೇ ಧಾಟಿಯಲ್ಲಿ ಉತ್ತರ ಕೊಡಬೇಕು, ಕೊಡದಿದ್ದರೆ ಮರ್ಯಾದೆ ಹೋಯಿತು.

ಕತೆರೀನಾ ಮಾತ್ರ ಮೇಜಿನ ತುದಿಯಲ್ಲಿ ನೆರಳಿಗೆ ಕುಳಿತಿದ್ದಳು. "ನೀನು ಯಾಕೆ ಬರ್ತಿಲ್ಲ? ಹೆಜ್ಜೆ ನಿನಗೆ ಗೊತ್ತಲ್ಲ?" ಎಂದು ಕೇಳಿದೆ.

"ಇಲ್ಲಿ ನನಗೆ ಆಫ್ರಿಕಾನಾ ಅಂತಾರೆ," ಎಂದಳು. "ನೈರೋಬಿಯಲ್ಲಿ ನಾನು ಗ್ರೀಕ್ ಹೆಂಗಸು. ಇಲ್ಲಿಗೆ ಬಂದ್ರೆ ಆಫ್ರಿಕದವಳು."

ಆಮೇಲೆ ಆ ದಿನದ ನಿಜವಾದ ಸಂಕಟವನ್ನು ಹೇಳಿದಳು. ಆ ಚರ್ಚಿನಲ್ಲಿ ಬೆಳ್ಳಿ ತಗಡು ಹೊದಿಸಿದ ಮರಿಯಮ್ಮನ ಪಟವೊಂದಿದೆ. ಮೂಲದ ಹಳೆಯ ಪಟ ಎಂದೋ ಪಟ್ಟಣದ ಚರ್ಚಿಗೆ ಹೋಯಿತು. ಇದು ಅದನ್ನು ನೋಡಿ ಆಮೇಲೆ ಬರೆಸಿದ್ದು, ಆದರೆ ಊರಿಗೆ ಇದೇ ತಾಯಿ. ಹಬ್ಬದ ಸಂಜೆ ಪಟವನ್ನು ಬಾಗಿಲಿಗೆ ತಂದು ಮುಂದೆ ಚಾಚುತ್ತಾರೆ. ಯಾರು ಮುಂದೆ ಬಂದು ಕೈಗೆ ತೆಗೆದುಕೊಳ್ಳುತ್ತಾರೋ ಅವರ ಮನೆಯಲ್ಲಿ ವರ್ಷವಿಡೀ ಪಟ ಇರುತ್ತದೆ, ಮುಂದಿನ ಹಬ್ಬ ಅವರದು, ಅಡುಗೆಯೂ ಅವರದೇ. ಊರು ಖಾಲಿಯಾಗುತ್ತ ಬಂದು, ಕೆಲವು ವರ್ಷಗಳಿಂದ ಬೇರೆ ಯಾರೂ ಬರದೆ ಸ್ತಮಾತಿಸನೇ ತೆಗೆದುಕೊಳ್ಳುತ್ತಿದ್ದ. ಈ ವರ್ಷ ಅವನಿಗೂ ಕೈಲಾಗದು. ಯಾರೂ ತೆಗೆದುಕೊಳ್ಳದಿದ್ದರೆ ಈ ಪಟವೂ ಪಟ್ಟಣಕ್ಕೆ, ಇಲ್ಲಿಗೆ ಬೀಗ.

"ನನ್ನಮ್ಮನ ಮದುವೆ ಆದದ್ದು ಈ ಬಾಗಿಲಲ್ಲಿ," ಎಂದಳು ಕತೆರೀನಾ. "ನಾನೇ ತಗೋಬೇಕು ಅಂತ ಆಸೆ. ಆದ್ರೆ ಎದ್ದು ಹೋದ್ರೆ, 'ನಿನ್ನ ಮನೆ ಎಲ್ಲಿ' ಅಂತ ಕೇಳ್ತಾರೆ. ಏನಂತ ಹೇಳಲಿ?"

ಆಂಟಿ ಇದನ್ನೆಲ್ಲ ಕೇಳಿಸಿಕೊಳ್ಳಲಿಲ್ಲ. ಅವರು ಅಡುಗೆಯ ಹೆಂಗಸರ ನಡುವೆ ಕುಳಿತು, ಭಾಷೆಯಿಲ್ಲದೆ, ಕಡಲೆಕಾಳಿಗೆ ಏನೇನು ಹಾಕಿದ್ದಾರೆಂದು ಮೂಸಿ ಮೂಸಿ ತಿಳಿದುಕೊಳ್ಳುತ್ತಿದ್ದರು.

ಸಂಜೆಯ ಗಂಟೆ ಹೊಡೆಯಿತು. ಪಿಟೀಲು ನಿಂತಿತು. ಗಡ್ಡದ ಪಾದ್ರಿ ಪಟ ಹಿಡಿದು ಬಾಗಿಲಿಗೆ ಬಂದರು, ಮುಂದೆ ಚಾಚಿದರು. ಯಾರೂ ಅಲುಗಲಿಲ್ಲ. ಗಂಡಸರು ಬೂಟು ನೋಡಿಕೊಂಡರು, ಹೆಂಗಸರು ಸಮುದ್ರ ನೋಡಿದರು. ಕತೆರೀನಾ ನನ್ನ ಕೈಯನ್ನು ನೋವಾಗುವಷ್ಟು ಅದುಮಿದಳು. ಅಷ್ಟರಲ್ಲಿ ನಮ್ಮ ಗ್ರೇಸಿ ಆಂಟಿ ಸೆರಗನ್ನು ತಲೆಯ ಮೇಲೆಳೆದುಕೊಂಡು, ಮೆಲ್ಲಗೆ ನಡೆದು ಹೋಗಿ, ಎರಡೂ ಕೈ ಚಾಚಿ, ಪಟವನ್ನು ತೆಗೆದುಕೊಂಡು ಹಣೆಗೆ ಮುಟ್ಟಿಸಿ ಎದೆಗೊತ್ತಿಕೊಂಡರು.

ಅವರ ತಪ್ಪೇನೂ ಇಲ್ಲ. ತೆನೆ ಹಬ್ಬದ ದಿನ ಅವರ ಊರಿನಲ್ಲಿ ಪಾದ್ರಿಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಅವತ್ತು ಪಾದ್ರಿ ಏನನ್ನಾದರೂ ಚಾಚಿದರೆಂದರೆ ಎರಡೂ ಕೈಯೊಡ್ಡಿ ತೆಗೆದುಕೊಳ್ಳಬೇಕು, ಬೇಡವೆನ್ನಬಾರದು, ಅವರನ್ನು ಕಾಯಿಸಬಾರದು. ಚಿಕ್ಕಂದಿನಿಂದ ಬಂದ ಅಭ್ಯಾಸ. ಪಾದ್ರಿಗಳು ಕೈ ಚಾಚಿ ನಿಂತೇ ಇದ್ದಾರೆ, ಈ ಜನಕ್ಕೆ ಇಷ್ಟಾದರೂ ಗೊತ್ತಾಗಬಾರದೇ ಎಂದು ಅವರಿಗೆ ಸಿಟ್ಟೇ ಬಂದಿತ್ತಂತೆ.

ಅಂಗಳದಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಕತೆರೀನಾ ಓಡಿಹೋಗಿ ಸ್ವಾಹಿಲಿಯಲ್ಲಿ ಆಂಟಿಗೆ ವಿಷಯ ತಿಳಿಸಿದಳು. ಆಂಟಿ ಕೇಳಿಸಿಕೊಂಡರು, ಪಟವನ್ನು ನೋಡಿದರು, ನನ್ನ ಕಡೆ ತಿರುಗಿದರು.

"ಶೈಲಾ, ಕೈಗೆ ಬಂದ ಮಾತೆಯನ್ನು ವಾಪಸು ಕೊಡ್ಲಿಕ್ಕೆ ಉಂಟಾ?"

"ಆಂಟಿ, ಮುಂದಿನ ವರ್ಷ ಇಡೀ ಊರಿಗೆ ಅಡುಗೆ ಮಾಡ್ಬೇಕಂತೆ."

"ಅದಕ್ಕೆಂತ? ವಾರ್ಡಿನಲ್ಲಿ ದಿನಾ ಮಾಡಿಸ್ತಿರ್ಲಿಲ್ವಾ?"

ಊರಿನಲ್ಲಿ ಕಲ್ಯೋಪಿ ಎಂಬ ಅಜ್ಜಿಯಿದ್ದಳು. ಕೋಲೂರಿಕೊಂಡು ನಡೆಯುವವಳು, ಅವಳ ಮಾತಿಗೆ ಎದುರಾಡುವವರಿರಲಿಲ್ಲ. ಪಟ ಹಡಗು ಹತ್ತಿತೆಂದರೆ ಮತ್ತೆ ಬರುವುದಿಲ್ಲ, ಆಮೇಲೆ ಖಾಲಿ ಗೋಡೆಗೆ ದೀಪ ಹಚ್ಚಬೇಕಾಗುತ್ತದೆ ಎಂದಳು. ಇವರು ಕ್ಯಾಥೊಲಿಕರು, ನಮ್ಮ ಪಂಗಡದವರಲ್ಲ ಎಂದು ಇನ್ನೊಬ್ಬರು ಅಂದರು. ಪಾದ್ರಿ ಗಡ್ಡ ನೀವಿಕೊಂಡು ಎಲ್ಲವನ್ನೂ ಕೇಳಿ ಕೊನೆಗೆ ಹೇಳಿದ ಮಾತನ್ನು ಸ್ತಮಾತಿಸ್ ನಮಗೆ ಇಂಗ್ಲಿಷಿನಲ್ಲಿ ತಿಳಿಸಿದ: "ಕೈ ಚಾಚಿದವರು ಒಬ್ಬರೇ. ಚಾಚದವರು ಸುಮ್ಮನಿರಬೇಕು. ಪಟ ತೆಗೆದುಕೊಂಡವರ ಮನೆಗೆ ಹೋಗಬೇಕು, ಆ ಮನೆ ಎಲ್ಲಿದೆಯೋ ಅಲ್ಲಿಗೆ."

ಹೀಗೆ ಗ್ರೀಕ್ ದ್ವೀಪದ ಮರಿಯಮ್ಮ ಆಂಟಿಯ ಕಾಶ್ಮೀರಿ ಶಾಲಿನಲ್ಲಿ ಸುತ್ತಿಕೊಂಡು, ಅವರ ತೊಡೆಯ ಮೇಲೆಯೇ ಕುಳಿತು, ನೈರೋಬಿಗೆ ಬಂದಿಳಿದಳು. ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಶಾಲು ಬಿಚ್ಚಿಸಿ ನೋಡಿ, ಶಿಲುಬೆಯ ಗುರುತು ಮಾಡಿಕೊಂಡು, "ಕರಿಬು ಸಾನಾ, ಮಾಮಾ," ಎಂದು ಸ್ವಾಗತಿಸಿದಳು. ಅದು ಆಂಟಿಗೋ ಮರಿಯಮ್ಮನಿಗೋ ತಿಳಿಯಲಿಲ್ಲ. ಆಂಟಿ ಇಬ್ಬರ ಪರವಾಗಿಯೂ "ಅಸಾಂಟೆ" ಎಂದು ಧನ್ಯವಾದ ಹೇಳಿದರು.

ಆ ವರ್ಷ ಲೊರೆಶೋದ ನಮ್ಮ ಕಾಂಪೌಂಡು ಕಾಂಪೌಂಡಾಗಿ ಉಳಿಯಲಿಲ್ಲ. ಪಟ ಇರುವ ಮನೆಗೆ ಕೆಲವು ಕಟ್ಟುಪಾಡುಗಳಿದ್ದವು. ಮುಂದೆ ಎಣ್ಣೆಯ ದೀಪ ಆರಬಾರದು. ನೋಡಲು ಬಂದವರಿಗೆ ಬಾಗಿಲು ಮುಚ್ಚಬಾರದು. ಬಂದವರು ಬಾಯಿ ಸಿಹಿ ಮಾಡಿಕೊಳ್ಳದೆ ಹೋಗಬಾರದು. ಎತ್ತರದ ಗೋಡೆ, ಅದರ ಮೇಲೆ ವಿದ್ಯುತ್ ತಂತಿ, ಗೇಟಿಗೆ ಅಸ್ಕಾರಿ ಎಂಬ ಕಾವಲುಗಾರ ಇರುವ ಈ ಊರಿನಲ್ಲಿ ಬಾಗಿಲು ತೆರೆದಿಡುವುದೆಂದರೆ ಏನೆಂದು ಇಲ್ಲಿದ್ದವರಿಗೇ ಗೊತ್ತು. ಊರಿನ ಇನ್ನೊಂದು ಬದಿಯ ಲಂಗಾಟಾದಲ್ಲಿದ್ದ ಆಂಟಿಯ ಮಗ ಮೆಲ್ವಿನ್ ಬಂದು, "ಮಮ್ಮೀ, ಇದೆಲ್ಲ ಬೇಕಿತ್ತಾ?" ಎಂದ. ಆಂಟಿ ಅವನ ಬಾಯಿಗೆ ಒಂದು ಕೊಬ್ಬರಿ ಮಿಠಾಯಿ ತುರುಕಿದರು.

ಅಕ್ಟೋಬರಿನಲ್ಲಿ ಜಕರಾಂಡ ಹೂ ರಸ್ತೆಯ ಮೇಲೆಲ್ಲ ಚೆಲ್ಲಿಕೊಂಡ ಹೊತ್ತಿಗೆ ಸುದ್ದಿ ಹರಡಿತ್ತು. ನೈರೋಬಿಯ ಗ್ರೀಕರು, ಅದುವರೆಗೆ ವರ್ಷಕ್ಕೊಮ್ಮೆ ತಮ್ಮ ಚರ್ಚಿನ ಜಾತ್ರೆಯಲ್ಲಿ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಿದ್ದವರು, ಭಾನುವಾರ ಮಧ್ಯಾಹ್ನ ಒಬ್ಬೊಬ್ಬರೇ ಬರತೊಡಗಿದರು. ಮಂಗಳೂರಿನ ಕುಟುಂಬಗಳು ಜಪಸರ ಹಿಡಿದು ಬಂದವು. ನವೆಂಬರಿನ ಮಳೆಗೆ ಕರೆಂಟು ಹೋದ ಸಂಜೆಗಳಲ್ಲಿ ಇಡೀ ಬೀದಿಯಲ್ಲಿ ಬೆಳಕಿದ್ದದ್ದು ಆ ಎಣ್ಣೆಯ ದೀಪದ್ದು ಮಾತ್ರ. ನಾನು ಆಫೀಸು ಮುಗಿಸಿ, ಟ್ರಾಫಿಕ್ಕಿನಲ್ಲಿ ಮಟಾಟು ವ್ಯಾನುಗಳ ಹಾರ್ನು ಕೇಳಿ ತಲೆ ಕೆಟ್ಟು ಬಂದರೆ, ನಮ್ಮ ಅಸ್ಕಾರಿ ಗೇಟು ತೆಗೆಯುತ್ತ, "ಇವತ್ತು ಮೂರು ಕಾರು ಬಂದಿವೆ, ಮೇಡಂ, ಲಾಡು ಇನ್ನೂ ಇದೆ," ಎಂದು ವರದಿ ಒಪ್ಪಿಸುತ್ತಿದ್ದ. ಒಮ್ಮೊಮ್ಮೆ ದೀಪಕ್ಕೆ ಎಣ್ಣೆ ಹಾಕುವ ಸರದಿ ನನ್ನದಾಗುತ್ತಿತ್ತು. ನನಗೆ ಈ ಪೂಜೆಗಳ ಹೆಚ್ಚು ನೇಮವಿಲ್ಲ. ಆದರೂ ಆ ಬತ್ತಿಯನ್ನು ಮುಂದೆ ಮಾಡುವಾಗ ಮನಸ್ಸು ಸಮಾಧಾನವಾಗುತ್ತಿತ್ತು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.

ಹೊಸ ವರ್ಷ ಕಳೆದ ಮೇಲೆ ಕುಣಿತದ ಅಭ್ಯಾಸ ಶುರುವಾಯಿತು. ಹಬ್ಬ ನಡೆಸುವವರು ಮೊದಲ ಸಾಲಿನಲ್ಲಿ ಕುಣಿಯಲೇಬೇಕಂತೆ. ಆಂಟಿಯ ಗ್ಯಾರೇಜಿನಿಂದ ಕಾರು ಹೊರಗೆ ಬಂತು, ನಾವು ಒಳಗೆ ಹೋದೆವು. ಭಾನುವಾರದ ಗ್ರೀಕರಲ್ಲಿ ಒಬ್ಬರು ಹಲ್ಲಿನ ಡಾಕ್ಟರು, ಪಿಟೀಲು ಬಾರಿಸುತ್ತಿದ್ದರು. ಕತೆರೀನಾ ಗುರು. ಅವಳ ಕಾಲು ನೆಲಕ್ಕೆ ತಾಗಿಯೂ ತಾಗದ ಹಾಗಿರುತ್ತಿತ್ತು. ನಾನು, ಕೋಲಾಟದಲ್ಲಿ ಪ್ರೈಜು ತೆಗೆದುಕೊಂಡವಳು ಎಂಬ ಜಂಬದಲ್ಲಿ ಬಲಗಾಲು ಮುಂದಿಟ್ಟೆ. ಮೇಘನಾಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನು, "ಹೇಗಿದೆಯೇ?" ಎಂದರೆ, "ಅಮ್ಮಾ, ರಾಂಗ್ ಲೆಗ್. ಸ್ಟಿಲ್ ರಾಂಗ್," ಎಂದಳು. ಆಂಟಿ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಪ್ರತಿ ವಾರ ಬಂದರು, ಮತ್ತು ನನಗಿಂತ ಮೊದಲು ಕಲಿತರು. ಮದುವೆ ಮನೆಗಳಲ್ಲಿ ಕುಣಿದ ಕಾಲು ನನ್ನದು, ಸುಮ್ಮನೆ ಅಲ್ಲ ಎನ್ನುತ್ತಿದ್ದರು.

ಇಷ್ಟೆಲ್ಲ ಆಗಿ, ಜೂನ್ ತಿಂಗಳ ಚಳಿಯಲ್ಲಿ ಒಂದು ದಿನ ಕತೆರೀನಾ ಬೇಲಿಗೆ ಬಂದು, ತಾನು ಬರುವುದಿಲ್ಲ ಎಂದಳು. ನೀವಿಬ್ಬರೇ ಹೋಗಿ, ಸ್ತಮಾತಿಸ್ ಸಹಾಯ ಮಾಡುತ್ತಾನೆ, ಆಫ್ರಿಕಾನಾ ಹಬ್ಬ ಹಾಳುಮಾಡಿದಳು ಎಂಬ ಮಾತು ತನಗೆ ಬೇಡ ಎಂದಳು. ಅವಳ ಕಣ್ಣು ಕೆಂಪಾಗಿತ್ತು.

ಗುಲಾಬಿ ಗಿಡ ಸವರುತ್ತಿದ್ದ ಆಂಟಿ ಕತ್ತರಿ ಕೆಳಗಿಟ್ಟರು. ಅವಳಿಗೆ ಸ್ವಾಹಿಲಿಯಲ್ಲಿ ಹೇಳಿದ್ದನ್ನು ಆಮೇಲೆ ನನಗೆ ಕನ್ನಡದಲ್ಲೂ ಹೇಳಿದರು. "ನಾನೆಂತ ಹೇಳಿದ್ದು ಗೊತ್ತುಂಟಾ? ನಿನ್ನ ಅಮ್ಮನ ಊರಿಗೆ ನೀನು ಬರುದಿಲ್ಲ ಅಂದ್ರೆ ಮಾತೆಯನ್ನು ನಾನು ಯಾರಿಗೆ ಕೊಡುದು? ನನ್ನದು ತಪ್ಪಿ ಚಾಚಿದ ಕೈ. ನಿನ್ನದು ಹಾಗಲ್ಲ ಅಂದೆ." ಕತೆರೀನಾ ಅವತ್ತು ಒಳಗೆ ಹೋಗಿಬಿಟ್ಟಳು. ಮುಂದಿನ ಭಾನುವಾರ ಗ್ಯಾರೇಜಿಗೆ ಮಾತ್ರ ತಪ್ಪದೆ ಬಂದಳು. ಅದನ್ನೇ ನಾವು ಒಪ್ಪಿಗೆ ಎಂದುಕೊಂಡೆವು.

ಇನ್ನು ಅಡುಗೆಯ ಯುದ್ಧ. ಸ್ತಮಾತಿಸ್ ಫೋನು ಮಾಡಿ ಎಷ್ಟು ಮೇಕೆ ಹೇಳಬೇಕು ಎಂದು ಕೇಳಿದ. ಒಂದೂ ಬೇಡ ಎಂದರು ಆಂಟಿ. ತೆನೆ ಹಬ್ಬದ ಊಟಕ್ಕೆ ಮೀನು ಮಾಂಸ ಮುಟ್ಟುವುದಿಲ್ಲ. ಬೆಸ ಸಂಖ್ಯೆಯಲ್ಲಿ ತರಕಾರಿ ಪದಾರ್ಥ, ಮೇಲೆ ಪಾಯಸ. ಮೇಕೆಯಿಲ್ಲದ ಹಬ್ಬಕ್ಕೆ ನಾಯಿಯೂ ಬರುವುದಿಲ್ಲ ಎಂದ ಅವನು. ಮಾತು ಇಬ್ಬರ ನಡುವೆ ಹೋಗಿ ಬಂದು, ಫೋನು ಹಿಡಿದಿದ್ದ ಕತೆರೀನಾಳ ಕೈ ನೋಯತೊಡಗಿತು. ಕೊನೆಗೆ ಪಾದ್ರಿಯನ್ನೇ ಕೇಳಿದರು. ಪಟ ಯಾರ ಮನೆಯಲ್ಲಿದೆಯೋ ಮಡಕೆಯೂ ಅವರದೇ ಎಂದು ಅವರು ತೀರ್ಪು ಕೊಟ್ಟು, ತಾವು ಅವತ್ತು ಬೆಳಿಗ್ಗೆ ಮನೆಯಲ್ಲೇ ಸ್ವಲ್ಪ ತಿಂದುಕೊಂಡು ಬರುವುದಾಗಿ ಸೇರಿಸಿದರಂತೆ. ನಮ್ಮ ಪೆಟ್ಟಿಗೆಗಳಲ್ಲಿ ಬಟ್ಟೆಗೆ ಜಾಗವಿರಲಿಲ್ಲ. ಪಾರ್ಕ್‌ಲ್ಯಾಂಡ್ಸ್‌ನ ನಮ್ಮವರ ಅಂಗಡಿಗಳಿಂದ ತಂದ ಬೆಲ್ಲ, ಹೆಸರುಬೇಳೆ, ತೆಂಗಿನಹಾಲಿನ ಡಬ್ಬಿ, ಒಗ್ಗರಣೆಗೆ ಸಾಸಿವೆ, ಕರಿಬೇವು.

ಸೆಪ್ಟೆಂಬರಿನಲ್ಲಿ ಬಂದರಿಗೆ ತಲುಪಿದರೆ ಗಾಳಿ. ಆ ಸಮುದ್ರದಲ್ಲಿ ಗಾಳಿ ಎದ್ದಿತೆಂದರೆ ಹಡಗುಗಳನ್ನು ನಿಲ್ಲಿಸಿಬಿಡುತ್ತಾರೆ. ಹಬ್ಬಕ್ಕೆ ಎರಡೇ ದಿನ ಉಳಿದಿರುವಾಗ ನಾವು ಬಂದರಿನ ಬೆಂಚಿನ ಮೇಲೆ ಪಟವನ್ನು ನಡುವೆ ಇಟ್ಟುಕೊಂಡು ಕುಳಿತಿದ್ದೆವು. ಕಲ್ಯೋಪಿ ಅಜ್ಜಿಯ ಮಾತು ನಿಜವಾಗುತ್ತದೋ ಏನೋ ಎಂದು ನಾನು ಟಿಕೆಟ್ ಕಿಟಕಿಗೆ ಮತ್ತೆ ಮತ್ತೆ ಹೋಗಿ ಕೇಳಿ ಬರುತ್ತಿದ್ದೆ. ಆಂಟಿ ಜಪಸರ ಎಣಿಸುತ್ತ ನಡುನಡುವೆ ಸಮುದ್ರವನ್ನು ತುಳುವಿನಲ್ಲಿ ಬೈಯುತ್ತಿದ್ದರು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಗಾಳಿ ಸ್ವಲ್ಪ ಇಳಿದು ಒಂದು ಹಡಗು ಬಿಟ್ಟರು. ದ್ವೀಪ ಹತ್ತಿರವಾದಾಗ ನೋಡುತ್ತೇವೆ, ಕಟ್ಟೆಯ ಮೇಲೆ ಜನ. ಬೆಳಿಗ್ಗೆಯಿಂದ ಆ ಗಾಳಿಯಲ್ಲಿ ನಿಂತಿದ್ದರಂತೆ. ಪಟ ಬರುವುದಿಲ್ಲ ಎಂದಿದ್ದವರೇ ಮುಂದಿದ್ದರು. ಆಂಟಿ ಶಾಲು ಸರಿಸಿ ಪಟವನ್ನು ಎತ್ತಿ ತೋರಿಸಿದಾಗ ಕಟ್ಟೆಯಿಂದ ಎದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಕಲ್ಯೋಪಿ ಅಜ್ಜಿ ಮಾತ್ರ ಪಟವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅದೇ ಎಂದು ಖಾತ್ರಿ ಮಾಡಿಕೊಂಡಳು.

ಹಬ್ಬದ ದಿನ ಕಡಲೆಕಾಳಿನ ಮಡಕೆಗಳು ಊರ ಬೇಕರಿಯ ಒಲೆಯಲ್ಲಿ ಬೆಂದು ಬಂದವು. ಅವುಗಳ ಜೊತೆಗೆ ಬೆಂಡೆ, ಕುಂಬಳ, ಅಲಸಂದೆ ಮುಂತಾಗಿ ಆಂಟಿಯ ಪದಾರ್ಥಗಳು. ಬಾಳೆಲೆ ಇರಲಿಲ್ಲ ಎಂಬುದೊಂದೇ ಅವರ ಕೊರಗು. ನಾಯಿಯೂ ಬರದೆಂದು ಸ್ತಮಾತಿಸ್ ಹೇಳಿದ್ದನಲ್ಲ, ನಾಯಿಗಳ ಸಮೇತ ಊರೆಲ್ಲ ಬಂತು, ಪಕ್ಕದ ಹಳ್ಳಿಯೂ ಬಂತು. ಮಾಂಸವಿಲ್ಲದ್ದನ್ನು ಗೊಣಗಿದವರು ಗೊಣಗುತ್ತಲೇ ಎರಡನೆಯ ಸಲ ಬಡಿಸಿಕೊಂಡರು. ಕಲ್ಯೋಪಿ ಅಜ್ಜಿ ಪಾಯಸದ ಬಟ್ಟಲನ್ನು ಬೆರಳಿನಿಂದ ಒರೆಸಿ, ಇದು ಊಟವಲ್ಲ ಎಂದು ಹೇಳಿ, ಇನ್ನೊಂದು ಬಟ್ಟಲು ತರಿಸಿಕೊಂಡಳು. ಮೊದಲ ಸಾಲಿನಲ್ಲಿ ಆಂಟಿ, ನಾನು ಕುಣಿದೆವು. ಮೇಷ್ಟರು ದೂರದಲ್ಲಿ ಕೈ ಹಿಡಿದಿದ್ದರು. ಕತೆರೀನಾ ಕುಣಿಯಲಿಲ್ಲ, ಬಡಿಸುತ್ತ, ತಟ್ಟೆ ಎತ್ತುತ್ತ ಓಡಾಡುತ್ತಲೇ ಇದ್ದಳು.

ಆಗ ಪಿಟೀಲಿನ ಪಕ್ಕದಲ್ಲಿ ಒಬ್ಬ ಎದ್ದು ನಿಂತು ಆಂಟಿಯ ಕಡೆ ನೋಡಿ ಹಾಡಿದ. ಸ್ತಮಾತಿಸ್ ನನಗೆ ಅರ್ಥ ಹೇಳಿದ: "ನಮ್ಮಮ್ಮ ಸಿಂಹದ ನಾಡಿಗೆ ಹೋಗಿ ಬಂದಳು, ಬರುವಾಗ ಬೆಲ್ಲ ತಂದಳು, ಮೇಕೆಯ ಮರೆತಳು." ಅಂಗಳವೆಲ್ಲ ನಕ್ಕಿತು. ಈಗ ಉತ್ತರ ಕೊಡಬೇಕಾದವರು ಆಂಟಿ. ಅವರಿಗೆ ಭಾಷೆ ಬಾರದು. ಪಿಟೀಲಿನವನು ಧಾಟಿಯನ್ನು ಮತ್ತೆ ಮತ್ತೆ ಬಾರಿಸುತ್ತ ಕಾದ. ಕಾದಷ್ಟೂ ನಗು ಕಡಿಮೆಯಾಗಿ ಮುಜುಗರ ಹೆಚ್ಚಾಯಿತು. ಕತೆರೀನಾ ಕೈಯಲ್ಲಿದ್ದ ತಟ್ಟೆಗಳನ್ನು ಮೇಜಿನ ಮೇಲಿಟ್ಟು, ನಿಂತಲ್ಲಿಂದಲೇ, ತನ್ನ ತಾಯಿಯ ಊರಿನ ಮಾತಿನಲ್ಲಿ ಹಾಡಿದಳು.

"ಮೇಕೆ ಬೇಕಾದವರು ಗುಡ್ಡಕ್ಕೆ ಹೋಗಲಿ, ಅಮ್ಮ ಬೇಕಾದವರು ಇಲ್ಲಿ ಕೂತು ಉಣ್ಣಲಿ."

ಮೇಜುಗಳ ಮೇಲೆ ಕೈ ಬಡಿದ ಸದ್ದಿಗೆ ಲೋಟಗಳು ಹಾರಿದವು. ಹಾಡಿದವನೇ ಬಂದು ಅವಳ ಕೈಗೆ ಕರವಸ್ತ್ರ ಕೊಟ್ಟು ಸಾಲಿನ ತಲೆಗೆ ಕರೆದೊಯ್ದ. ಅವಳು ಕುಣಿದದ್ದನ್ನು ಏನೆಂದು ಬರೆಯಲಿ. ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ನೋಡಿದ್ದ ನನಗೇ ಅದು ಬೇರೆ ಯಾರದೋ ಕಾಲು ಎನಿಸಿತು. ನನಗೆ ತುಂಬ ಸಂತೋಷವಾಯಿತು.

ಸಂಜೆಯ ಗಂಟೆ ಹೊಡೆಯಿತು. ಅಷ್ಟು ದೂರದಿಂದ ತಂದವರೇ ಈ ಸಲ ಚಾಚಲಿ ಎಂದು ಪಾದ್ರಿ ಪಟವನ್ನು ಆಂಟಿಯ ಕೈಗೇ ಕೊಟ್ಟರು. ಆಂಟಿ ಬಾಗಿಲಲ್ಲಿ ನಿಂತು ಎರಡೂ ಕೈಯಲ್ಲಿ ಪಟ ಹಿಡಿದು ಮುಂದೆ ಮಾಡಿದರು. ಮತ್ತೆ ಯಾರೂ ಅಲುಗಲಿಲ್ಲ. ಆದರೆ ಈ ಸಲ ಯಾರೂ ಬೂಟು ನೋಡಿಕೊಳ್ಳುತ್ತಿರಲಿಲ್ಲ, ಒಬ್ಬರನ್ನೊಬ್ಬರು ನೋಡುತ್ತಿದ್ದರು. ಕತೆರೀನಾ ಹಿಂದೆ ಮಡಕೆಗಳ ಹತ್ತಿರ ನಿಂತಿದ್ದಳು. ಏಪ್ರನ್ನಿಗೆ ಕೈ ಒರೆಸಿಕೊಂಡು ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ಅಂಗಳದ ನಡುವಿಗೆ ಬರುವಷ್ಟರಲ್ಲಿ ಕಲ್ಯೋಪಿ ಅಜ್ಜಿ ಎದ್ದು ಕೋಲನ್ನು ಅಡ್ಡ ಹಿಡಿದಳು. ಎಲ್ಲರಿಗೂ ಕೇಳುವಂತೆ ಒಂದು ಪ್ರಶ್ನೆ ಕೇಳಿದಳು. ನನಗೆ ಯಾರೂ ಅದರ ಅರ್ಥ ಹೇಳಬೇಕಾಗಲಿಲ್ಲ.

ಕತೆರೀನಾ ತಲೆ ಎತ್ತಿ, "ನೈರೋಬಿ," ಎಂದಳು. ಆಮೇಲೆ, ಅಷ್ಟು ಸಾಲದೆನ್ನುವಂತೆ, "ಲೊರೆಶೋ," ಎಂದಳು.

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿ ಕೋಲು ಕೆಳಗಿಳಿಸಿದಳು. ಅಜ್ಜಿ ಹೇಳಿದ್ದನ್ನು ನನ್ನ ಪಕ್ಕದಲ್ಲಿದ್ದ ಸ್ತಮಾತಿಸ್ ತಡವರಿಸುತ್ತ ಹೇಳಿದ: "ಹಾಗಾದ್ರೆ ನೀನು ಬಂದೇ ಬರ್ತೀಯ. ಇಲ್ಲಿ ಹತ್ತಿರ ಇರೋರು ನಾಳೆ ನೋಡೋಣ ಅಂತಾರೆ. ಹೋಗು, ತಗೋ."

ಕತೆರೀನಾ ಬಾಗಿಲಿಗೆ ಹೋಗಿ ಪಟವನ್ನು ತೆಗೆದುಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಊರಿನ ಬೇರೆ ಯಾರಿಗೂ ತಿಳಿಯದ ಸ್ವಾಹಿಲಿಯಲ್ಲಿ, "ಸಾಸಾ ನಿ ಯಾಂಗು, ಈಗ ಇದು ನನ್ನದು," ಎಂದು ಆಂಟಿಗೆ ಮಾತ್ರ ಹೇಳಿದಳು. ಖಾಲಿ ಕೈಯನ್ನು ಏನು ಮಾಡಬೇಕೋ ತಿಳಿಯದೆ ನಿಂತಿದ್ದ ಗ್ರೇಸಿ ಆಂಟಿಗೆ ಆ ಗಡಿಬಿಡಿಯಲ್ಲಿ ಸ್ವಾಹಿಲಿ ಮರೆತುಹೋಯಿತು.

"ಎರಡೂ ಕೈಯಲ್ಲಿ ಹಿಡಿ ಮಾರಾಯ್ತಿ," ಎಂದರು ಕನ್ನಡದಲ್ಲಿ. "ಭಾರ ಉಂಟು."

ಕತೆರೀನಾಗೆ ಕನ್ನಡ ಬರುವುದಿಲ್ಲ. ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು.